ಹಾಡುವ ರಾಣಿಗೆ ಕಿಟಕಿ ಸೀಟು

ಬರೀ ಮಾತಿನ ನಾಟಕದಲ್ಲಿ ಇರುವವರು ಮಾತಿನಲ್ಲಿ ಮಾತ್ರ ಎಡವುತ್ತಾರೆ. ನನ್ನಂಥ ಹಾಡಿ ಅಭಿನಯಿಸುವವಳು ಮಾತಿನಲ್ಲೂ ಎಡವಬಹುದು, ರಾಗದಲ್ಲೂ ಎಡವಬಹುದು. ಇಪ್ಪತ್ತೈದು ವರ್ಷಗಳಿಂದ ನಾನು ಎರಡೂ ಅವಕಾಶಗಳನ್ನು ಬಿಟ್ಟುಕೊಟ್ಟಿಲ್ಲ. ಕಲ್ಯಾಣದಿಂದ ವಾಶಿಯವರೆಗೆ ನಾನು ಹತ್ತದ ರಂಗಮಂಚವಿಲ್ಲ, ಹತ್ತಿದ ಮೇಲೆ ಏನಾದರೊಂದು ಆಗದೇ ಇಳಿದದ್ದೂ ಇಲ್ಲ.

ಮೂರ್ಛೆ ಹೋಗುವಳು

ನಾನು ಹುಟ್ಟಿದ್ದು ಡೊಂಬಿವಲಿಯಲ್ಲಿ. ಮನೆಮಾತು ತುಳು, ಓದಿದ್ದು ಮರಾಠಿ ಶಾಲೆ. ಕನ್ನಡ ಕಿವಿಗೆ ಬಂತು, ಕಣ್ಣಿಗೆ ಬರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಕನ್ನಡ ತಂಡದ ಸಂಗೀತ ನಾಟಕದಲ್ಲಿ ರಾಣಿಯ ಪಾತ್ರ ಸಿಕ್ಕಿತು. ನಿರ್ದೇಶಕರು ವಿಜಯಪುರದ ಕಡೆಯವರು, ರಾಜನ ಪಾತ್ರವೂ ಅವರದ್ದೇ. ನನ್ನ ಹಾಡು ಕೇಳಿ ಖುಷಿಯಾಗಿ ನಾಟಕದ ಪ್ರತಿಯನ್ನು ಕೈಗಿಟ್ಟರು. ನಾನು ಅದನ್ನು ತಲೆಕೆಳಗು ಮಾಡಿ ಹಿಡಿದಿದ್ದೆ.

"ಓದಾಕ ಬರ್ತದೇನವಾ?"

"ಬರ್ತದೆ ಸರ್. ಮರಾಠಿ."

ಅವರು ಹಣೆ ಹಣೆ ಚಚ್ಚಿಕೊಂಡರು, ಆದರೆ ಪಾತ್ರ ಕಿತ್ತುಕೊಳ್ಳಲಿಲ್ಲ. ಮನೆಯಲ್ಲಿ ಅಮ್ಮ ಗಟ್ಟಿಯಾಗಿ ಓದುವುದು, ನಾನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುವುದು, ಹೀಗೆ ಇಡೀ ನಾಟಕ ಬಾಯಿಪಾಠವಾಯಿತು. ಪ್ರದರ್ಶನದ ಹಿಂದಿನ ದಿನ ನಿರ್ದೇಶಕರು ಹೊಸ ಹಾಡೊಂದನ್ನು ಸೇರಿಸಿದರು. ಹಾರ್ಮೋನಿಯಂ ಜೊತೆ ಪಲ್ಲವಿಯಷ್ಟೇ ಅಭ್ಯಾಸ ಆಯಿತು. ಉಳಿದದ್ದನ್ನು ಅಮ್ಮ ಓದಿದಳು, ನಾನು ಬರೆದುಕೊಂಡೆ. ಅಮ್ಮ ಕಂಸದೊಳಗಿನದ್ದನ್ನೂ ಹೊರಗಿನದ್ದನ್ನೂ ಒಂದೇ ಧಾಟಿಯಲ್ಲಿ ಓದುವವಳು.

ಮರುದಿನ ಸಭಾಂಗಣ ತುಂಬಿತ್ತು. 'ಹೆಣ್ಣುಮಕ್ಕಳಿಗೆ ನಾಟಕ ಎಂತಕ್ಕೆ' ಎನ್ನುತ್ತಿದ್ದ ಅಪ್ಪನೂ ಮೂರನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ನಾನು ಮೈಮರೆತು ಹಾಡಿದೆ. ಕೊನೆಯ ಸಾಲು ಬಂತು: "ರಾಣಿ ಮೂರ್ಛೆ ಹೋಗುವಳು." ಸಾಲು ಚಿಕ್ಕದಾಯಿತೆನಿಸಿ ಇನ್ನೊಮ್ಮೆ ಆಲಾಪದೊಂದಿಗೆ ಹಾಡಿದೆ. ಮೂರನೇ ಸಲ ಮೇಲಿನ ಸ್ವರಕ್ಕೆ ಏರಿಸಿ ಹಾಡಿದೆ. ಹಾಡಿ, ನೆಟ್ಟಗೆ ನಿಂತೇ ಇದ್ದೆ.

ರಾಜ ಸಿಂಹಾಸನದಿಂದ ಎದ್ದರು. "ಮಹಾರಾಣಿ, ಬರೇ ಹೇಳ್ಕೋತ ನಿಲ್ತೀಯೋ, ಒಮ್ಮಿ ಹೋಗೇಬಿಡ್ತೀಯೋ?"

ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಆಗ ಅರ್ಥವಾಯಿತು, ನಾಚಿಕೆಗೆ ಕಾಲು ಕುಸಿದು ದೊಪ್ಪನೆ ಬಿದ್ದೆ. ಅಷ್ಟು ಸಹಜವಾದ ಮೂರ್ಛೆಯನ್ನು ಆ ವೇದಿಕೆ ಕಂಡಿರಲಿಲ್ಲವಂತೆ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳಂತೆ: "ನಾನು ಓದಿಕೊಟ್ಟದ್ದರಲ್ಲಿ ಒಂದಕ್ಷರ ಬಿಡಲಿಲ್ಲ ನೋಡಿ!"

ಲೇಡೀಸ್ ಡಬ್ಬಿಯ ದರ್ಬಾರು

ಥಾಣೆಯಲ್ಲಿ ಒಮ್ಮೆ ಮರಾಠಿ ಸಂಗೀತ ನಾಟಕ. ಅಲ್ಲಿ ಮೇಕಪ್‌ಗೆ ಜಾಗವಿಲ್ಲವೆಂದು ಮನೆಯಿಂದಲೇ ಬಣ್ಣ ಬಳಿದುಕೊಂಡು, ಮೂಗಿಗೆ ದೊಡ್ಡ ನತ್ತು ಹಾಕಿಕೊಂಡು, ಕಿರೀಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತಿದೆ. ಹತ್ತಿದೆ ಅನ್ನುವುದಕ್ಕಿಂತ ಹಿಂದಿನವರು ಹತ್ತಿಸಿದರು. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರೋಣವೆಂದು, "ಜರಾ ಸರಕಾ ನಾ" ಎಂದೆ, ಸ್ವಲ್ಪ ಸರಿಯಿರಿ ಅಂತ. ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮರಾಠಿಯಲ್ಲಿ ಹೇಳಿದಳು: "ರಾಣಿಯಾಗಿದ್ದರೆ ನಿನ್ನ ಮನೆಯಲ್ಲಿ. ಇಲ್ಲಿ ನಿಂತುಕೋ."

ನಿಂತುಕೊಂಡೆ. ಆ ಡಬ್ಬಿಯಲ್ಲಿ ದಿನಾ ಭಜನೆ ಹಾಡುವ ಹೆಂಗಸರ ಗುಂಪೊಂದಿತ್ತು. ಅವರ ಮುಂದಾಳು ಅಂದು ಬಂದಿರಲಿಲ್ಲವಾಗಿ ಶ್ರುತಿ ಯಾವ ಕಡೆಗೋ ಹೊರಟಿತ್ತು. ನನಗೆ ತಡೆಯಲಾಗಲಿಲ್ಲ. ಮೇಲಿನ ಹಿಡಿಕೆಗೆ ಜೋತುಬಿದ್ದುಕೊಂಡೇ ಭಜನೆಯನ್ನು ಎತ್ತಿಕೊಂಡೆ. ಎರಡು ಸಾಲು ಮುಗಿಯುವಷ್ಟರಲ್ಲಿ ಬಾಗಿಲ ಬಳಿಯ ಜಗಳವೂ ನಿಂತಿತು. ಕೊತ್ತಂಬರಿಯವಳು ಕಣ್ಣೊರೆಸಿಕೊಳ್ಳುತ್ತಾ ಎದ್ದು, ಪಕ್ಕದವಳನ್ನು ಎಬ್ಬಿಸಿ, ನನ್ನನ್ನು ಕರೆದು ಕಿಟಕಿ ಬಳಿ ಕೂರಿಸಿದಳು.

ಆ ನಾಟಕಕ್ಕೆ ನನಗೆ ಅತ್ಯುತ್ತಮ ಗಾಯಕಿ ಪ್ರಶಸ್ತಿಯೂ ಬಂತು. ಮನೆಗೆ ಬಂದು ಎರಡೂ ಸುದ್ದಿ ಹೇಳಿದೆ. ಪ್ರಶಸ್ತಿಯನ್ನು ಎಲ್ಲರೂ ನಂಬಿದರು. ಡೊಂಬಿವಲಿಯಲ್ಲಿ ಹತ್ತಿದವಳಿಗೆ ಆಫೀಸಿನ ಹೊತ್ತಿನಲ್ಲಿ ಕಿಟಕಿ ಸೀಟು ಸಿಕ್ಕಿತೆಂಬುದನ್ನು ಇವತ್ತಿಗೂ ಯಾರೂ ನಂಬಿಲ್ಲ.

ಗಂಡ ಬಾಗಿಲು ತೆರೆದದ್ದು

ಮದುವೆಯಾಗಿ ಠಾಕುರ್ಲಿಗೆ ಬಂದೆ. ಹೊಸ ಹೌಸಿಂಗ್ ಸೊಸೈಟಿ, ತೆಳು ಗೋಡೆ. ಮುಂದಿನ ನಾಟಕದಲ್ಲಿ ಗಂಡ ಸತ್ತಾಗ ಹಾಡಿಕೊಂಡು ಅಳುವ ದೃಶ್ಯವಿತ್ತು. ಬೆಳಿಗ್ಗೆ ನನ್ನವರು ಸ್ನಾನಕ್ಕೆ ಹೋದ ಮೇಲೆ ಅಭ್ಯಾಸಕ್ಕೆ ಕೂತೆ. "ನನ್ನ ಬಿಟ್ಟು ಹೋದಿರಾ" ಎಂದು ಎದೆಯಾಳದಿಂದ ತೆಗೆದೆ. ಕನ್ನಡ ಬಾರದವರಿಗೂ ಆ ಅಳು ತಿಳಿಯುವಂತಿತ್ತು.

ಹದಿನೈದು ನಿಮಿಷದಲ್ಲಿ ಬೆಲ್ ಆಯಿತು. ನಾನು ತಾರಕದಲ್ಲಿದ್ದೆ, ಕೇಳಿಸಲಿಲ್ಲ. ನನ್ನವರು ಟವೆಲ್ ಸುತ್ತಿಕೊಂಡು ಬಂದು ಬಾಗಿಲು ತೆರೆದರು. ಹೊರಗೆ ಮೂರು ಮಹಡಿಯ ಜನ ತಲೆತಗ್ಗಿಸಿ ನಿಂತಿದ್ದರು. ಸೊಸೈಟಿಯ ಕಾರ್ಯದರ್ಶಿಗಳ ಕೈಯಲ್ಲಿ ಹೂವಿನ ಹಾರ. ಮುಂದಿದ್ದ ಅಜ್ಜಿ ಇವರನ್ನು ಕಂಡು ಕಿಟಾರನೆ ಕಿರುಚಿದರು.

ನಾನು ಕೈಮುಗಿದು ಎಲ್ಲರ ಕ್ಷಮೆ ಕೇಳಿದೆ. ಕಾರ್ಯದರ್ಶಿಗಳು ಹಾರವನ್ನು ಹಿಂದೆ ಅಡಗಿಸಿಕೊಂಡು, "ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿಬಿಟ್ಟೆನಲ್ಲ" ಎಂದು ಹಿಂದಿಯಲ್ಲಿ ಗೊಣಗಿದರು. ಎಲ್ಲರೂ ಹೋದ ಮೇಲೆ ನಾನು ಇವರನ್ನು ಕೇಳಿದೆ, "ನನ್ನ ಅಳು ಅಷ್ಟು ಚೆನ್ನಾಗಿತ್ತಾ?"

"ಎಂತ ಕೇಳ್ತೀ ಮಾರಾಯ್ತಿ," ಅಂದರು. "ಬಚ್ಚಲಲ್ಲಿ ನಾನೇ ಒಮ್ಮೆ ನಾಡಿ ಹಿಡಿದು ನೋಡಿಕೊಂಡೆ."

ಶಾಲು

ಕಲ್ಯಾಣದಲ್ಲಿ ನನಗೊಂದು ಸನ್ಮಾನ. ಅಧ್ಯಕ್ಷರು ಉಡುಪಿ ಕಡೆಯ ಹೋಟೆಲ್ ಮಾಲಕರು, ಹೃದಯವಂತರು, ಭಾಷಣ ಮಾಡಿ ಅಭ್ಯಾಸವಿಲ್ಲ. ಮೈಕ್ ಹಿಡಿದು ಗಂಭೀರವಾಗಿ ಹೇಳಿದರು: "ಇವರ ಹಾಡು ಕೇಳುವಾಗೆಲ್ಲ ನನಗೆ ನಮ್ಮ ಹೋಟೆಲಿನ ಗ್ರೈಂಡರ್ ನೆನಪಾಗುತ್ತದೆ."

ಸಭೆಯವರೆಲ್ಲ ನನ್ನ ಮುಖ ನೋಡಿದರು.

"ಯಾಕೆಂದರೆ ಇಷ್ಟು ವರ್ಷದಲ್ಲಿ ಅದೂ ಒಂದು ದಿನ ರಜೆ ಮಾಡಿಲ್ಲ, ಇವರ ಗಂಟಲೂ ಮಾಡಿಲ್ಲ."

ಚಪ್ಪಾಳೆಯೋ ಚಪ್ಪಾಳೆ. ಅವರು ಶಾಲು ಹೊದಿಸುವಾಗ ನಾನು ಮೆಲ್ಲಗೆ ಕೇಳಿದೆ, "ಗ್ರೈಂಡರಿಗೂ ಹೀಗೆ ಶಾಲು ಹೊದಿಸಿದ್ದೀರಾ?"

ಅವರು ಅಷ್ಟೇ ಭಕ್ತಿಯಿಂದ ಉತ್ತರಿಸಿದರು: "ದಿನಾ ಹೊದಿಸ್ತೇವೆ ಅಮ್ಮ, ಇಲ್ಲದಿದ್ದರೆ ಧೂಳು ಕೂರ್ತದೆ."

ಒಂದು ಚೊಂಬು ನೀರು

ಹೋದ ವರ್ಷ ನಮ್ಮ ತಂಡಕ್ಕೆ ಬೆಂಗಳೂರಿನಿಂದ ಯುವ ನಿರ್ದೇಶಕರೊಬ್ಬರು ಬಂದರು. ಮೊದಲ ದಿನವೇ, "ಮೇಡಂ, ಈ ಸಲ ನೀವು ತಾಯಿ ಪಾತ್ರ ಮಾಡಿ" ಎಂದರು. ತಾಯಿಗೆ ಒಂದೂ ಹಾಡಿರಲಿಲ್ಲ. ಸರಿ ಎಂದೆ. ಮನೆಗೆ ಬಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟೆ. ನಾಯಕಿಯಾಗಿ ಕೋಪರಖೈರಣೆಯ ಹುಡುಗಿಯೊಬ್ಬಳು ಬಂದಳು. ಚಂದದ ದನಿ, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ರಬಾಳೆಯ ಮೈದಾನದಲ್ಲಿ ಭಾನುವಾರ ಮಧ್ಯಾಹ್ನ ಪ್ರದರ್ಶನ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದು ಫ್ಯಾಕ್ಟರಿಗಳಲ್ಲಿ, ಲೋಡಿಂಗ್‌ನಲ್ಲಿ ದುಡಿಯುವವರು ಮನೆಮಂದಿ ಸಮೇತ ನೆರೆದಿದ್ದರು. ಹುಡುಗಿಯ ಗಂಟಲು ಅಂದೇ ಕಟ್ಟಿಹೋಯಿತು. ನಿರ್ದೇಶಕರು ಓಡಿಬಂದರು. "ಮೇಡಂ, ನೀವು ಸೈಡಲ್ಲಿ ನಿಂತು ಹಾಡಿಬಿಡಿ, ಅವಳು ಬಾಯಿ ಆಡಿಸ್ತಾಳೆ. ಯಾರಿಗೂ ಗೊತ್ತಾಗಬಾರದು, ಪ್ಲೀಸ್."

ಬಾವಿಕಟ್ಟೆಯ ದೃಶ್ಯ. ಹುಡುಗಿ ಚೊಂಬು ಹಿಡಿದು ನಿಂತಿದ್ದಾಳೆ. ಚೊಂಬಿನಲ್ಲಿ ಅವಳ ಗಂಟಲಿಗೆಂದೇ ಬಿಸಿನೀರು. ನಾನು ಪರದೆಯ ಮರೆಯಲ್ಲಿ, ನರೆತ ಕೂದಲಿನ ವಿಗ್ ಹಾಕಿಕೊಂಡು ಹಾಡತೊಡಗಿದೆ. ಎಷ್ಟು ದಿನಗಳಿಂದ ತಡೆದಿಟ್ಟುಕೊಂಡಿದ್ದೆನೋ, ಚರಣ ಮುಗಿದರೂ ನಿಲ್ಲಿಸಲಾಗಲಿಲ್ಲ, ಅಭ್ಯಾಸದಲ್ಲಿ ಇಲ್ಲದ ಆಲಾಪ ಹಿಡಿದೆ. ಚರಣ ಮುಗಿಯಿತು, ಇನ್ನು ವಾದ್ಯ ನುಡಿಯುತ್ತದೆ ಎಂದುಕೊಂಡ ಹುಡುಗಿ ಆರಾಮಾಗಿ ಚೊಂಬೆತ್ತಿ ಗಟಗಟ ನೀರು ಕುಡಿದಳು. ಹಾಡು ಎಲ್ಲೂ ತುಂಡಾಗದೆ ಮುಂದುವರಿಯಿತು.

ಮುಂದಿನ ಸಾಲಿನ ಕಟ್ಟುಮಸ್ತಾದ ಹಮಾಲನೊಬ್ಬ ಎದ್ದು ಕೂಗಿದ: "ಎಲಾ ಇವಳ! ನೀರ್ ಕುಡಕೋತ ಹಾಡ್ತಾಳಲೋ!"

ಸೀಟಿಯೋ ಸೀಟಿ. "ಒನ್ಸ್ ಮೋರ್! ನೀರ್ ಸಮೇತ ಒನ್ಸ್ ಮೋರ್!"

ಹುಡುಗಿ ಕಂಗಾಲಾಗಿ ನನ್ನ ಕಡೆ ನೋಡಿದಳು. ತುಟಿಯಲ್ಲೇ ಕೇಳಿದಳು, "ದೀದಿ, ಕ್ಯಾ ಕರೂಂ?" ಏನು ಮಾಡಲಿ ಅಂತ.

"ಕುಡಿ!" ಎಂದೆ.

ನಾನು ಹಾಡಿದೆ, ಅವಳು ಕುಡಿದಳು. ಮತ್ತೆ ಒನ್ಸ್ ಮೋರ್. ಮತ್ತೆ ಹಾಡಿದೆ, ಮತ್ತೆ ಕುಡಿದಳು. ನಾಲ್ಕನೇ ಸಲಕ್ಕೆ ಚೊಂಬು ಖಾಲಿ, ಅವಳ ಹೊಟ್ಟೆ ಭರ್ತಿ. ಅವಳಿಗೆ ನಗು ಬಂದುಬಿಟ್ಟಿತು. ನಡುವೆಯೇ ಪರದೆಯ ಮರೆಗೆ ಬಂದು ನನ್ನ ಕೈಹಿಡಿದು ದರದರ ರಂಗದ ಮಧ್ಯಕ್ಕೆ ಎಳೆದುಕೊಂಡು ಹೋದಳು. ಕಟ್ಟಿದ ಗಂಟಲಿನಲ್ಲಿ, ಮೈಕಿನ ಹತ್ತಿರ ಬಾಗಿ, ನಾಟಕದ ಮಾತು ಬಿಟ್ಟು ನಾನು ಅವಳ ಬಾಯಿಂದ ಕೇಳಿದ ಮೊದಲ ಕನ್ನಡ ಮಾತನ್ನಾಡಿದಳು: "ಹಾಡಿದ್ದು ಇವರು. ನಾನು ಬರೀ ನೀರು ಕುಡಿದದ್ದು."

ಈಗ ಚಪ್ಪಲಿ ಬೀಳುತ್ತದೆಂದು ನಿರ್ದೇಶಕರು ಪರದೆಯ ಹಿಂದೆ ಕಣ್ಣುಮುಚ್ಚಿದ್ದರಂತೆ. ನಾನು ವಿಗ್ ತೆಗೆದು ಪಕ್ಕಕ್ಕಿಟ್ಟು, ಮೊದಲಿನಿಂದ ಕೊನೆಯವರೆಗೆ ಇಡೀ ಹಾಡನ್ನು ಅವರ ಮುಖ ನೋಡಿಕೊಂಡು ಹಾಡಿದೆ. ಮುಗಿಯುವಾಗ ಒಬ್ಬರೂ ಕೂತಿರಲಿಲ್ಲ. ಮಕ್ಕಳನ್ನು ಹೆಗಲ ಮೇಲೆ ಎತ್ತಿ ತೋರಿಸುತ್ತಿದ್ದರು. ನಿರ್ದೇಶಕರು ಬಂದು ಎಲ್ಲರೆದುರಿಗೇ ಕಾಲು ಮುಟ್ಟಿ, "ಮೇಡಂ, ಇನ್ನುಮೇಲೆ ನಾಯಕಿ ಯಾರೇ ಇರಲಿ, ಹಾಡು ನಿಮ್ಮದೇ" ಎಂದರು. ನನಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಆ ಹಮಾಲ ಜನರನ್ನು ಸರಿಸಿಕೊಂಡು ರಂಗದ ಹತ್ತಿರ ಬಂದ. ಎರಡೂ ಕೈ ಮುಗಿದ.

"ಭಾಳ ಛಲೋ ಹಾಡಿದಿ ಯವ್ವಾ, ದೇವರು ಒಳ್ಳೇದ ಮಾಡ್ಲಿ," ಎಂದ. ಆಮೇಲೆ ನನಗೆ ಬೇಸರವಾಗಬಾರದೆಂದು ದನಿ ತಗ್ಗಿಸಿದ. "ಆದ್ರ ಆ ಹುಡುಗಿ ನೀರ್ ಕುಡಕೋತ ಹಾಡಿದಳು ನೋಡು, ಅದು ಮಾತ್ರ ನಿನಗ ಬರಂಗಿಲ್ಲ ಬಿಡು."