ಬಿಜಲಿ ಶೆಗಡಿಯ ವಿಲೀನ

ಮನೆಗೆ ಬಿಜಲಿ ಶೆಗಡಿ, ಅಂದರೆ ಕರೆಂಟಿನ ಅಗ್ಗಿಷ್ಟಿಕೆ, ಕೊಳ್ಳಬೇಕೆಂದು ಯಾರಾದರೂ ಯೋಚಿಸುತ್ತಿದ್ದರೆ ದಯವಿಟ್ಟು ಮೊದಲು ನನ್ನನ್ನು ಕೇಳಿ. ಈ ವಿಷಯದಲ್ಲಿ ಇಡೀ ಯಾದಗಿರಿಗೆ ಅನುಭವಸ್ಥ ನಾನೊಬ್ಬನೇ. ಇನ್ನೊಬ್ಬ ಹುಟ್ಟದಂತೆ ನನ್ನ ಹೆಂಡತಿ ನೋಡಿಕೊಂಡಿದ್ದಾಳೆ.

ಯಾದಗಿರಿಯ ಬಿಸಿಲಿಗೆ ಶೆಗಡಿ ಯಾಕೆ ಎಂದು ನೀವು ನಗಬಹುದು. ಬಾಣಂತಿಗೆ ಸ್ವಾಮಿ! ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಸೆಗಣಿಯ ಕುಳ್ಳಿನ ಬೆಂಕಿ ಇಟ್ಟು ಮೈ ಕಾಸದಿದ್ದರೆ ಅದು ಬಾಣಂತನವೇ ಅಲ್ಲ. ಹೊರಗಿನ ಬಿಸಿಲು ಲೆಕ್ಕಕ್ಕಿಲ್ಲ. ನಮ್ಮ ಒಬ್ಬಳೇ ಮಗಳು ಗೌರಿ ಚೊಚ್ಚಲ ಹೆರಿಗೆಗೆ ಬಂದು, ಗಂಡು ಹೆತ್ತು, ಹೊರಸಿನ ಮೇಲೆ ಮಲಗಿದ್ದಳು. ನಮ್ಮದು ಒಂದೇ ಕಿಟಕಿಯ ಮನೆ. ಕುಳ್ಳಿನ ಹೊಗೆಗೆ ಕೂಸು ಕಣ್ಣು ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ಸುದ್ದಿ ಸುರಪುರದ ಬೀಗತಿ ನೀಲಮ್ಮನವರಿಗೆ ಮುಟ್ಟಿತು. ಸೋಮವಾರ ತಾವೇ ಬಂದು ನೋಡುವುದಾಗಿಯೂ, ಹೊಗೆ ಕಂಡರೆ ಸೊಸೆಯನ್ನೂ ಮೊಮ್ಮಗನನ್ನೂ ಸುರಪುರಕ್ಕೆ ಕರೆದೊಯ್ಯುವುದಾಗಿಯೂ ಹೇಳಿ ಕಳಿಸಿದರು.

ನನ್ನ ಹೆಂಡತಿ ಶಾಂತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಗಲ್ಲ.

"ಚೊಚ್ಚಲ ಬಾಣಂತನ ತವರಮನ್ಯಾಗ ಆಗ್ಲಿಲ್ಲಂದ್ರ ಓಣ್ಯಾಗ ನಾ ಹೆಂಗ ಮಾರಿ ತೋರಸ್ಲಿ? ಏನರ ಮಾಡ್ರಿ!"

'ಏನರ ಮಾಡ್ರಿ' ಎಂದದ್ದೇ ಆಕೆಯ ತಪ್ಪು. ನಾನು ಮಾಡಿದೆ!

ಆಗ ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರುತ್ತಿದ್ದ ಕಾಲ. ನಾನು ಗುಮಾಸ್ತನಾಗಿದ್ದ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಒಂದೇ ಮಾತು: ಈ ದಫ್ತರ ವಿಲೀನ, ಆ ಹುದ್ದೆ ವಿಲೀನ. ನನ್ನ ತಲೆಗೂ ಸುಧಾರಣೆಯ ಗಾಳಿ ಹೊಕ್ಕಿತ್ತು. ಕಡತ ತರಲು ಹೈದರಾಬಾದಿಗೆ ಹೋದಾಗ ಅಂಗಡಿಯೊಂದರಲ್ಲಿ ಅದು ಕಂಡಿತು. ತಾಮ್ರದ ದೊಡ್ಡ ಬಟ್ಟಲು, ನಡುವೆ ಸುರುಳಿ ತಂತಿ. ಗುಂಡಿ ಒತ್ತಿದರೆ ಕೆಂಡದಂತೆ ಕೆಂಪು! ಹೊಗೆಯಿಲ್ಲ, ಬೂದಿಯಿಲ್ಲ.

"ಘರ್ ಮೇ ಬಿಜಲಿ ಹೈ ನಾ?" ಎಂದು ಅಂಗಡಿಯವನು ಕೇಳಿದ.

"ಹೈ!" ಎಂದು ಎದೆ ಉಬ್ಬಿಸಿದೆ.

ಕೊಳ್ಳುವವರು ಇನ್ನೊಂದು ಪ್ರಶ್ನೆಯನ್ನು ತಾವೇ ಕೇಳಿಕೊಳ್ಳುವುದು ಒಳ್ಳೆಯದು: ಬಿಜಲಿ ಮನೆಯಲ್ಲಿ ಎಲ್ಲಿದೆ? ನಮ್ಮ ಮನೆಯಲ್ಲಿ ಅದು ಸೂರಿನಲ್ಲಿತ್ತು. ಇದ್ದದ್ದು ಒಂದೇ ಬಲ್ಬು. ಅದನ್ನು ಬಿಚ್ಚಿ, ಅದೇ ಜಾಗಕ್ಕೆ ಶೆಗಡಿಯ ತಂತಿ ಸಿಕ್ಕಿಸಬೇಕು. ಬೆಳಕಿದ್ದರೆ ಕಾವಿಲ್ಲ, ಕಾವಿದ್ದರೆ ಬೆಳಕಿಲ್ಲ. ತಂತಿಯೂ ಗಿಡ್ಡ. ಶೆಗಡಿ ನನ್ನ ಮೂಗಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

"ಬೆಂಕಿ ಕೆಳಗ, ಬಾಣಂತಿ ಮ್ಯಾಲ ಇರಬೇಕ್ರಿ. ಇದೇನ್ರಿ ಉಲ್ಟಾ?" ಎಂದಳು ಶಾಂತವ್ವ.

"ಅದಕ್ಕೇನು, ಹೊರಸು ಎತ್ತರ ಮಾಡೋಣು" ಎಂದೆ.

ಹೊರಸಿನ ಕಾಲಿಗೆ ಇಟ್ಟಿಗೆ ಕೊಟ್ಟೆ. ಇಟ್ಟಿಗೆಯ ಮೇಲೆ ಇಟ್ಟಿಗೆ ಕೊಟ್ಟೆ. ಗೌರಿ ಮೇಲಿನಿಂದ ಇಣುಕಿ, "ಅಪ್ಪಾ, ನನ್ನ ಇಳಸಾಕ ನಿಚ್ಚಣಿಕಿ ತರ್ತೀ ಏನು?" ಎಂದಳು. ಕೊನೆಗೆ ಹೊರಸನ್ನು ಕೆಳಗಿಳಿಸಿ, ಪಕ್ಕದಲ್ಲಿ ಜೋಳದ ಡಬ್ಬಿಯ ಮೇಲೆ ಡಬ್ಬಿ ಪೇರಿಸಿ, ಅದರ ನೆತ್ತಿಯ ಮೇಲೆ ಶೆಗಡಿಯನ್ನು ಬಾಗಿಸಿ ಕೂರಿಸಿದೆ. ಪ್ರತಿಷ್ಠಾಪನೆ ಸಾಂಗವಾಗಿ ನೆರವೇರಿತು.

ಸೋಮವಾರ ಹೊತ್ತು ಮುಳುಗುವಾಗ ಸುರಪುರದ ಬಸ್ಸಿನಿಂದ ನೀಲಮ್ಮನವರು ಇಳಿದರು. ಕೋಣೆಯ ತುಂಬ ಕೆಂಪು ಬೆಳಕು. ಕೂಸು ನೆಮ್ಮದಿಯಾಗಿ ಮಲಗಿತ್ತು. ಬೀಗತಿ ಮೂಗರಳಿಸಿ ಮೂಲೆ ಮೂಲೆ ಮೂಸಿ ನೋಡಿದರು.

"ಅಯ್ಯ, ಹೊಗಿನೇ ಇಲ್ಲಲ್ರಿ ಬೀಗ್ರ! ಮನಿ ಥೇಟ್ ದವಾಖಾನಿ ಆಗ್ಯಾದ!"

ಶಾಂತವ್ವ ನನ್ನತ್ತ ಒಂದು ನೋಟ ಬೀರಿದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಗೆ ನೋಡಿದ್ದಳು. ಅಲ್ಲಿಗೆ ನಾನು ಬಾಯಿ ಮುಚ್ಚಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಗೆದ್ದ ಗಂಡಸು ಬಾಯಿ ಮುಚ್ಚುವುದುಂಟೇ?

"ಇದು ಹೊಸಾ ಜಮಾನಾದ ಬೆಂಕಿ, ಅಕ್ಕಾರ. ಕುಳ್ಳಿನ ಬೆಂಕಿ ಏನೇನ್ ಮಾಡ್ತದ, ಇದೂ ಅಷ್ಟೂ ಮಾಡ್ತದ!"

"ಅಷ್ಟೂ ಮಾಡ್ತದೇನ್ರಿ?"

"ಅಷ್ಟೂ!"

ನೀಲಮ್ಮನವರು ಸರಸರನೆ ಅಡುಗೆಮನೆಗೆ ಹೋದರು. ಮುಷ್ಟಿ ತುಂಬ ಉಪ್ಪು, ಒಣ ಮೆಣಸಿನಕಾಯಿ ತಂದರು. ಮೊಮ್ಮಗನಿಗೆ ಇಳಿ ತೆಗೆದು ದೃಷ್ಟಿ ನಿವಾಳಿಸಿದರು. ನಾನು "ಹಾಂ, ಹಾಂ" ಎನ್ನುವಷ್ಟರಲ್ಲಿ ಎಲ್ಲವನ್ನೂ ತಾಮ್ರದ ಬಟ್ಟಲಿಗೆ ಸುರಿದರು!

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಬಂತು! ಬಟ್ಟಲಿನಿಂದ ಎದ್ದು ಕೋಣೆ ತುಂಬಿತು. ಶಾಂತವ್ವ ಕೂಸನ್ನು ಎದೆಗವಚಿ, ಗೌರಿಯ ಕೈ ಹಿಡಿದು ಅಂಗಳಕ್ಕೆ ಓಡಿದಳು. ಬೀಗತಿ ಮಾತ್ರ ಬಾಗಿಲಲ್ಲಿ ನಿಂತು ಸಂತೋಷದಿಂದ ಸೀನತೊಡಗಿದರು.

"ಕೂಸಿಗಿ ಯಾರ ದೃಷ್ಟಿನೂ... ಆಕ್ಷೀ!... ಆಗಿಲ್ಲ ಬಿಡ್ರಿ... ಆಕ್ಷೀ!"

ಆಗ ಧೃತಿಗೆಡದೆ ಇದ್ದವನು ನಾನೊಬ್ಬನೇ. ಬೆಂಕಿ ಆರಿಸುವುದು ಹೇಗೆಂದು ನನಗೆ ಗೊತ್ತಿತ್ತು. ತಂಬಿಗೆ ತುಂಬ ನೀರು ತಂದು ಸುರಿದೆ!

ಢಂ ಎಂದಿತು. ನೀಲಿ ಮಿಂಚೊಂದು ಹಾರಿತು. ಡಬ್ಬಿಗಳು ಉರುಳಿದವು, ಜೋಳ ಚೆಲ್ಲಿತು, ಜೋಳದ ಮೇಲೆ ಕಾಲಿಟ್ಟು ನಾನೂ ಉರುಳಿದೆ. ಮನೆ ಕತ್ತಲು. ಹೊರಗೆ ಓಣಿಗೆ ಓಣಿಯೇ ಕತ್ತಲು. ಗೋಡೆಯಾಚೆಯಿಂದ ನೆರೆಮನೆಯ ಖಾಸಿಂ ಸಾಹೇಬರ ದನಿ ಬಂತು.

"ಗುಮಾಸ್ತ್ರ, ನಮ್ಮನಿ ಕರೆಂಟೂ ನಿಮ್ಮನ್ಯಾಗ ವಿಲೀನ ಆತೇನ್ರಿ?"

ಬೀಗತಿ ಕಂದೀಲು ಹಚ್ಚಿದರು. ಶಾಂತವ್ವ ಕೂಸನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಸುರಪುರದ ಬಸ್ಸು ಆಕೆಯ ಕಣ್ಣಲ್ಲೇ ಹೊರಟು ನಿಂತಿತ್ತು.

"ಶಾಂತವ್ವಾರ, ಕುಳ್ಳನ್ನ ಅಂಗಳದಾಗ ಹೊಗಿ ಹೋಗೂತನಕ ಉರಸಿ, ಬರೇ ಕೆಂಡ ಒಳಗ ತಂದ್ರ ಸಾಕಿತ್ತಲ್ರಿ?" ಎಂದರು ನೀಲಮ್ಮನವರು.

"ನಂಗೂ ಗೊತ್ತದರಿ ಅಕ್ಕಾರ. ಆದ್ರ ಅಡಗಿ, ಕೂಸಿನ ನೀರು, ಬಾಣಂತಿ ಪಥ್ಯ, ಎಲ್ಲಾ ನಾ ಒಬ್ಬಾಕಿನೇ. ಅಂಗಳದಾಗ ಊದಕೋತ ಕೂಡೋರು ಯಾರ್ರಿ?"

ಬೀಗತಿ ಕಂದೀಲನ್ನು ಮೆಲ್ಲಗೆ ಎತ್ತಿ ಹಿಡಿದರು. ಜೋಳದ ರಾಶಿಯ ನಡುವೆ ಕುಳಿತಿದ್ದ ನನ್ನ ಮುಖದ ಮೇಲೆ ಬೆಳಕು ಬಿತ್ತು.

"ಬೀಗ್ರು ಖಾಲಿ ಅದಾರಲ್ರಿ! ಗೌರಿ ಇಲ್ಲೇ ಇರ್ಲಿ. ಇವ್ರನ್ನ ಮಾತ್ರ ಅಂಗಳದಾಗ ಇಡ್ರಿ."

ಹೀಗೆ, ಸರಕಾರದ ಆದೇಶ ಬರುವ ಮೊದಲೇ, ನನ್ನ ಹುದ್ದೆ ಕುಳ್ಳಿನ ಇಲಾಖೆಯಲ್ಲಿ ವಿಲೀನವಾಯಿತು. ಬಾಣಂತನ ಮುಗಿಯುವವರೆಗೆ ಬೆಳಿಗ್ಗೆ, ಸಂಜೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಊದಿದೆ.

ಆದ್ದರಿಂದ ಬಿಜಲಿ ಶೆಗಡಿ ಆರಿಸುವವರಿಗೆ ನನ್ನ ಸಲಹೆ ಇಷ್ಟೇ: ತಾಮ್ರದ ಬಟ್ಟಲು ಆದಷ್ಟು ದೊಡ್ಡದಿರಲಿ. ಕೆಂಡ ಹೊರಲು ಅನುಕೂಲ!