ಕಾರಿನ ಮೂಗು

ಕಾರಿಗೆ ಮೂಗು ಇದೆಯೆಂಬುದನ್ನು ಮೊದಲು ಕಂಡುಹಿಡಿದವಳು ಭರಮುವಿನ ತಾಯಿ ರಾಮವ್ವ.

ಅಂಕಲಿಯ ಭರಮು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಅರ್ಧ ಪೆಟ್ರೋಲಿನ ಮೇಲೆ, ಅರ್ಧ ಬ್ಯಾಟರಿಯ ಮೇಲೆ ಓಡುವ ಹಳೆಯ ಹೈಬ್ರಿಡ್ ಕಾರೊಂದನ್ನು ಕೊಲ್ಲಾಪುರದಿಂದ ಕೊಂಡು ತಂದಿದ್ದ. ಮೊದಲು ಅದು ಯಾರೋ ದೊಡ್ಡ ಡಾಕ್ಟರರ ಕಾರಾಗಿತ್ತಂತೆ. ಹಳೆಯ ಕಾರು ಮಾರುವವರ ಹತ್ತಿರ ಇರುವ ಕಾರುಗಳೆಲ್ಲ ಡಾಕ್ಟರರವೇ ಆಗಿರುತ್ತವೆ. ರೋಗಿಗಳದ್ದು ಒಂದೂ ಇರುವುದಿಲ್ಲ.

ಪೂಜೆಯ ದಿನ ರಾಮವ್ವ ಬೀರದೇವರ ಭಂಡಾರವನ್ನು, ಅಂದರೆ ಗುಡಿಯಿಂದ ತಂದ ಅರಿಸಿನದ ಪುಡಿಯನ್ನು, ಕಾರಿನೊಳಗೆ ತೂರುತ್ತ ಬಂದಳು. ಹಿಂದಿನ ಸೀಟಿನ ಪಕ್ಕದಲ್ಲಿ ಅಂಗೈಯಗಲದ ಒಂದು ಜಾಳಿಗೆ ಇತ್ತು. ಅದರ ಸಮೀಪಕ್ಕೆ ಕೈ ಒಯ್ದಾಗ ಬೆರಳಲ್ಲಿದ್ದ ಭಂಡಾರ ತಾನಾಗಿ ಒಳಗೆ ಸೆಳೆದುಹೋಯಿತು. ಮುದುಕಿ ಬೆರಗಾಗಿ ಇನ್ನೊಂದು ಚಿಟಿಕೆ ಹಿಡಿದಳು. ಅದೂ ಹೋಯಿತು. ಆಕೆ ಮಗನ ಕೈ ಹಿಡಿದು ಜಾಳಿಗೆಯ ಮುಂದೆ ಇಟ್ಟಳು.

"ಉಸಿರಾಡಾಕತ್ತೈತಿ ನೋಡೋ ತಮ್ಮಾ. ನಿಮ್ಮಪ್ಪನ ಎತ್ತು ಹಿಂಗ ಕೈ ಮೂಸ್ತಿತ್ತು. ಅದು ಹೋದಮ್ಯಾಲ ಈ ಅಂಗಳದಾಗ ಉಸಿರಾಡೂ ಜೀವ ಇದ ಮೊದಲು."

ಗಂಡ ಹೋಗಿದ್ದ, ಎತ್ತು ಹೋಗಿತ್ತು, ಗೋದಲಿ ಇದ್ದ ಜಾಗದಲ್ಲಿ ಈಗ ಕಾರು ನಿಂತಿತ್ತು. ಅಂದಿನಿಂದ ದಿನಾ ಮುಂಜಾನೆ ಅವನು ಕಾರು ಚಾಲೂ ಮಾಡಿದ ಕೂಡಲೇ ರಾಮವ್ವ ಮೂಗಿಗೆ ಒಂದು ಚಿಟಿಕೆ ಭಂಡಾರ ಹಿಡಿಯತೊಡಗಿದಳು. ಕಾರು ಒಂದು ದಿನ ಮುಲುಗಿದರೆ ಮರುದಿನ ಎರಡು ಚಿಟಿಕೆ. ದಾರಿಯಲ್ಲಿ ನಿಂತುಬಿಟ್ಟರೆ ಒಂದು ಹಿಡಿ.

ಕಾರು ಮೇಲಿಂದ ಮೇಲೆ ನಿಲ್ಲತೊಡಗಿತು. ಲೀಟರಿಗೆ ಇಪ್ಪತ್ತು ಕಿಲೋಮೀಟರು ಓಡಬೇಕಾದದ್ದು ಹತ್ತಕ್ಕೆ ಬಂತು. ಬ್ರೇಕಿನ ಪಂಪು ಹೋಯಿತು. ಅದಕ್ಕೊಂದು ತಿಂಗಳ ಪಗಾರ. ನೀರಿನ ಪಂಪು ಹೋಯಿತು. ಅದಕ್ಕೆ ಹೆಂಡತಿಯ ಉಂಗುರ. ಕಡೆಗೆ ಕೆಂಪು ದೀಪ ಹತ್ತಿತು. ಬೆಳಗಾವಿಯ ದೊಡ್ಡ ಗ್ಯಾರೇಜಿಗೆ ಒಯ್ದಾಗ, ಅಲ್ಲಿಯವರು ಹಿಂದಿನ ಸೀಟು ಕಿತ್ತು ಬ್ಯಾಟರಿಗೆ ಗಾಳಿ ಹಾಕುವ ಫ್ಯಾನು ತೆಗೆದು ತೋರಿಸಿದರು. ಅದು ಹಳದಿ ಮೆತ್ತಿಕೊಂಡು ಮದುಮಗನಂತೆ ಕೂತಿತ್ತು. ಗಾಳಿ ಸಿಗದೆ ಬ್ಯಾಟರಿ ಬೆಂದಿದೆ, ಹೊಸದು ಹಾಕಬೇಕು ಎಂದರು. ಅವರು ಹೇಳಿದ ಬೆಲೆಗೆ ಇಂಥವೇ ಎರಡು ಕಾರು ಬರುತ್ತಿದ್ದವು. ಕಾರಿನೊಳಗೆ ಅಡುಗೆ ಮಾಡುತ್ತೀರೇನು ಎಂದೂ ಒಬ್ಬ ಕೇಳಿದ.

ಭರಮು ನಾಚಿಕೊಂಡು ಫ್ಯಾನು ಒರೆಸಿಕೊಂಡು ಬಂದ. ತಾಯಿಗೆ ಹೇಳಿ ನಿಲ್ಲಿಸಬೇಕೆಂದು ಎರಡು ಸಲ ಬಾಯಿ ತೆರೆದ. ಎರಡೂ ಸಲ ಆಕೆ ಎತ್ತಿನ ಮೈ ಸವರಿದಂತೆ ಕಾರಿನ ಬಾಗಿಲು ಸವರುತ್ತ ನಿಂತಿದ್ದಳು. ತೆರೆದ ಬಾಯನ್ನು ಭರಮು ಆಕಳಿಕೆಯಾಗಿ ಮಾಡಿ ಮುಚ್ಚಿದ. ಬೀರದೇವರು ಎಂದೂ ಇಷ್ಟು ಭಂಡಾರ ಬೇಡಿದವನಲ್ಲ. ಈ ಮನೆಯಲ್ಲಿ ಬೇಡ ಅನ್ನುವವರೇ ಇರಲಿಲ್ಲ.

ಹೀಗಿರುವಾಗ ಅಧಿಕಮಾಸ ಬಂತು. ಮೂರು ವರ್ಷಕ್ಕೊಮ್ಮೆ ಬರುವ ಆ ತಿಂಗಳಲ್ಲಿ ಅಳಿಯನನ್ನು ನಾರಾಯಣನೆಂದು ತಿಳಿದು, ಕರೆದು, ಅನಾರಸವೆಂಬ ಕರಿದ ಸಿಹಿ ಉಣಿಸಿ ಉಡುಗೊರೆ ಕೊಡುವುದು ಆ ಕಡೆಯ ಪದ್ಧತಿ. ಉಳಿದ ದಿನಗಳಲ್ಲಿ ಅಳಿಯ ಏನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಂಡತಿ ಶೇವಂತಾ ಮೊದಲೇ ತೆಲಸಂಗದ ತವರಿಗೆ ಹೋಗಿದ್ದಳು. ಅವಳ ತಂದೆ ಮಾಳಸಿದ್ದ ಆ ಒಣ ಊರಿನಲ್ಲಿ ಬೋರು ಕೊರೆಸಿ ದ್ರಾಕ್ಷಿ ಬೆಳೆದವನು. ನೆಲದಿಂದ ನೀರು ತೆಗೆದವನಿಗೆ ಮನುಷ್ಯರ ಮೇಲೂ ಅದೇ ಧೈರ್ಯ. ಶನಿವಾರ ಅವನೇ ಫೋನು ಮಾಡಿದ.

"ಅಳಿಯಂದಿರ, ನಾಳೆ ಬರ್ರಿ. ಗಾಡಿ ತರಬ್ಯಾಡ್ರಿ ಮತ್ತ. ಬಸ್ಸಿಗೆ ಬರ್ರಿ."

ಈ ಮಾತು ಭರಮುವಿಗೆ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಆ ಕಾರಿನಲ್ಲಿ ಗಂಡಹೆಂಡಿರು ಮೂರು ಸಲ ತೆಲಸಂಗಕ್ಕೆ ಹೊರಟು, ಮೂರು ಸಲವೂ ದಾರಿಯಲ್ಲಿ ಇಳಿದು ಬಸ್ಸು ಹತ್ತಿದ್ದರು. ಮಾವ ಕಾರಿನ ಕೀರ್ತಿ ಕೇಳಿದ್ದನೇ ಹೊರತು ಅದನ್ನು ಕಣ್ಣಿಂದ ಕಂಡಿರಲಿಲ್ಲ. ಈಗಲೂ ಕಾರಿಟ್ಟುಕೊಂಡು ಬಸ್ಸಿಗೆ ಹೋದರೆ ಊಟದ ಸಾಲಿನಲ್ಲಿ ಎಲ್ಲರೂ ಅನಾರಸದ ಜೊತೆಗೆ ತನ್ನನ್ನೂ ಮುರಿದು ತಿನ್ನುತ್ತಾರೆ. ಅದಕ್ಕಿಂತ ದಾರಿಯಲ್ಲೇ ಅಥಣಿಯಲ್ಲಿ ಈ ಪೀಡೆಯನ್ನು ಮಾರಿ, ಒಳ್ಳೆಯ ಬೆಲೆಗೆ ಕೊಟ್ಟೆನೆಂದು ಹೇಳುತ್ತ ಬಸ್ಸಿನಿಂದ ಇಳಿದರೆ ಮಾನವೂ ಉಳಿಯುತ್ತದೆ, ರೊಕ್ಕವೂ ಬರುತ್ತದೆ.

ಅಂದೇ ಸಂಜೆ ಚಿಕ್ಕೋಡಿಯ ಮೆಕ್ಯಾನಿಕ್ ಉತ್ತಮನ ಹತ್ತಿರ ಹೋದ. ಉತ್ತಮ ಒಂದು ಯಂತ್ರ ಚುಚ್ಚಿ ಕೆಂಪು ದೀಪ ಆರಿಸಿದ. ಬೇನೆ ಹಾಗೇ ಇದೆ, ನರಳುವುದನ್ನಷ್ಟೇ ನಿಲ್ಲಿಸಿದ್ದೇನೆ ಎಂದ. ಅಥಣಿ ಮುಟ್ಟುವ ತನಕ ಗಾಜು ಇಳಿಸಬಾರದು, ಏಸಿ ಜೋರಾಗಿರಬೇಕು, ಆ ಜಾಳಿಗೆಗೆ ಏನೂ ಅಡ್ಡ ಬರಬಾರದು ಎಂದು ಹೇಳಿ, ನರಳುವುದನ್ನು ನಿಲ್ಲಿಸಿದ್ದಕ್ಕೆ ಬೇನೆ ವಾಸಿ ಮಾಡಿದಷ್ಟೇ ರೊಕ್ಕ ತೆಗೆದುಕೊಂಡ.

ರವಿವಾರ ಮುಂಜಾನೆ ಭರಮು ಜಾಳಿಗೆಗೆ ಬೆನ್ನು ಕೊಟ್ಟು ಬಾಗಿಲಲ್ಲಿ ನಿಂತ. ಮಾರುವ ಸುದ್ದಿ ತಾಯಿಗೆ ಹೇಳಿರಲಿಲ್ಲ. ರಾಮವ್ವ ಮಗನನ್ನು ಸರಿಸಲಾರದೆ, ಭಂಡಾರದ ದೊಡ್ಡ ಪುಡಿಕೆಯೊಂದನ್ನು ಅವನ ಕೈಗೆ ಕೊಟ್ಟು, ಬೀಗರಿಗೆ ಮುಟ್ಟಿಸು ಎಂದಳು. ಅದು ಕಾರಿನ ಮೂಗಿನ ಹೊರಗೇ ಉಳಿಯಿತಲ್ಲ ಎಂದು ಭರಮು ಸಂತೋಷದಿಂದ ಚೀಲದಲ್ಲಿ ಇಟ್ಟುಕೊಂಡ.

ಅಷ್ಟರಲ್ಲಿ ನೆರೆಮನೆಯ ಸಿದ್ದಲಿಂಗ ಬಂದ. ಸರಕಾರಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಬಸ್ಸು ಬಿಟ್ಟರೂ ಹಾರ್ನು ಬಿಟ್ಟಿರಲಿಲ್ಲ, ಗಂಟಲಲ್ಲಿ ಇಟ್ಟುಕೊಂಡಿದ್ದ. ಅಥಣಿಯಲ್ಲಿ ತನ್ನ ತಂಗಿಯ ಮನೆಯಿದೆ ಎನ್ನುತ್ತಲೇ ಹಿಂದಿನ ಸೀಟಿನಲ್ಲಿ ಕೂತ. ಬೇಸಿಗೆಯಿರಲಿ ಮಳೆಯಿರಲಿ ಹೆಗಲು ಬಿಡದ ತನ್ನ ಕರಿಯ ಕಂಬಳಿಯನ್ನು ಮಡಿಸಿ ಪಕ್ಕಕ್ಕೆ ಇಟ್ಟ. ಅದು ಸರಿಯಾಗಿ ಕಾರಿನ ಮೂಗಿನ ಮೇಲೆ ಕೂತಿತು. ಏಸಿ ಗಾಳಿಗೆ ಕೀಲು ಹಿಡಿಯುತ್ತವೆ ಎಂದು ಗಾಜನ್ನೂ ಇಳಿಸಿದ. ಭರಮು ಮೇಲೇರಿಸಿದ, ಅವನು ಇಳಿಸಿದ. ಹೊಳೆ ದಾಟುವ ತನಕ ಇಬ್ಬರೂ ಇದೇ ಕೆಲಸ ಮಾಡಿದರು. ಕಂಬಳಿ ತೆಗೆಯಿರಿ ಎಂದರೆ ಸಿದ್ದಲಿಂಗ ಅದರ ಮೇಲೆ ಮೊಣಕೈ ಊರಿದ.

ದಾರಿಯ ರೈಲು ಗೇಟು ಹಾಕಿತ್ತು. ಕಾರು ನಿಂತಿತು. ನಿಂತಾಗ ಎಂಜಿನ್ ಸದ್ದಿಲ್ಲದೆ ಸುಮ್ಮನಾಗುವುದು ಆ ಜಾತಿಯ ಕಾರುಗಳ ಗುಣ. ಸಿದ್ದಲಿಂಗ ಕಿವಿಗೊಟ್ಟು ಕೇಳಿ, ಹೆಣದ ನಾಡಿ ನೋಡಿದವನಂತೆ ತಲೆಯಾಡಿಸಿದ.

"ಹೋತ. ಎಂಜಿನ್ ಹೋತ."

"ಹೋಗಿಲ್ಲೋ ಕಾಕಾ, ಅದು ಹಂಗ ಇರ್ತೈತಿ."

"ಮೂವತ್ತೈದು ವರ್ಷ ಬಸ್ ಹೊಡದೇನಿ, ನನಗ ಹೇಳ್ತಿ? ಸಪ್ಪಳಿಲ್ಲದ ಎಂಜಿನ್ನು, ಉಸಿರಿಲ್ಲದ ಮನಷ್ಯಾ, ಎಲ್ಲಾ ಒಂದ."

ಅವನು ಇಳಿದು ತನ್ನ ಗಂಟಲಿನ ಹಾರ್ನು ಹೊಡೆದ. ಗೇಟಿನಲ್ಲಿ ಕಾಯುತ್ತಿದ್ದವರಿಗೆ ಕೆಲಸವಿರಲಿಲ್ಲ. ಹಾಲಿನ ಗಾಡಿಯವರು, ಬೈಕಿನವರು, ಮದುವೆಗೆ ಹೊರಟವರು ಎಲ್ಲ ಕೂಡಿದರು. ಒಬ್ಬ ಡೀಸೆಲ್ ಮುಗಿದಿದೆ ಎಂದ. ಇದಕ್ಕೆ ಡೀಸೆಲ್ಲೇ ಇಲ್ಲ ಎಂದು ಭರಮು ಹೇಳಿದ್ದೇ ತಪ್ಪಾಯಿತು. ಡೀಸೆಲ್ ಇಲ್ಲವಂತೆ, ದೂಡಿರಿ ಎಂದು ಎಲ್ಲರೂ ಬೆನ್ನಿಗೆ ಬಿದ್ದರು. ಗೇಟು ತೆರೆದಾಗ ಹತ್ತು ಜನ ಸೇರಿ, ಕೆಡದೆ ಇದ್ದ ಕಾರನ್ನು ಹಳಿ ದಾಟಿಸಿದರು. ಅಲ್ಲಿ ಒಳಗೆ ಕೂತಿದ್ದ ಭರಮು ಮೆಲ್ಲಗೆ ಎಕ್ಸಲರೇಟರ್ ಒತ್ತಿದ. ಕಾರು ಸಪ್ಪಳವಿಲ್ಲದೆ ಮುಂದೆ ಜಾರಿತು. ದೂಡುವವರ ಕೈ ಬರಿದಾಗಿ ಮುಂದಿನವರು ಮುಗ್ಗರಿಸಿದರು, ಅವರ ಮೇಲೆ ಹಿಂದಿನವರು ಬಿದ್ದರು, ಎಲ್ಲರ ಮೇಲೆ ಸಿದ್ದಲಿಂಗ. ಕನ್ನಡಿಯಲ್ಲಿ ಇದನ್ನು ನೋಡಿದ ಭರಮು ನಿಲ್ಲಿಸಬೇಕೆಂದುಕೊಂಡ. ಮುಂದಿನ ಹಳ್ಳಿಯ ತನಕ ಹಾಗೆ ಅಂದುಕೊಳ್ಳುತ್ತಲೇ ಹೋದ.

ಅಥಣಿಗೆ ಬಂದಾಗ ಹಿಂದಿನ ಸೀಟಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಕೆಂಪು ದೀಪ ಮಾತ್ರ ಇನ್ನೂ ಹತ್ತಿರಲಿಲ್ಲ. ಭರಮು ರೇಡಿಯೋ ಜೋರು ಮಾಡಿ ಡೊಳ್ಳಿನ ಪದ ಹಚ್ಚಿ, ಹಳೆಯ ಕಾರುಗಳ ದಲಾಲ ಅಣ್ಣಾಸಾಬನ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ. ನೆರಳಿಗೆ ಬಂದ ಮೇಲೆ ಫ್ಯಾನಿನ ಕೂಗು ಮೆಲ್ಲಗೆ ಇಳಿಯತೊಡಗಿತು. ಅಣ್ಣಾಸಾಬ ಯಾವುದೋ ಆತುರದಲ್ಲಿದ್ದ. ಒಬ್ಬ ದೊಡ್ಡ ಗಿರಾಕಿಗೆ ಇವತ್ತೇ ಕಾರು ಕೊಡುತ್ತೇನೆಂದು ಮಾತು ಕೊಟ್ಟಿದ್ದ; ಕೊಡಬೇಕೆಂದಿದ್ದ ಕಾರು ನಿನ್ನೆ ಗಟಾರಕ್ಕೆ ಬಿದ್ದಿತ್ತು. ಅವನು ಟೈರು ಒದ್ದು ನೋಡಿದ, ಬಾಗಿಲು ಬಡಿದು ನೋಡಿದ. ಅದಕ್ಕಿಂತ ಹೆಚ್ಚಿನ ಪರೀಕ್ಷೆಯ ಬದಲು ಭರಮುವಿನ ಮುಖ ನೋಡಿದ.

"ಖರೇ ಹೇಳ್ರಿ. ಏನರ ತ್ರಾಸ ಐತೇನು?"

"ನಮ್ಮ ಮಾವನ ಆಣಿ ಮಾಡಿ ಹೇಳ್ತೇನ್ರಿ. ಒಂದ್ ದಿನ ಕೈ ಕೊಟ್ಟಿಲ್ಲ."

ತಾಯಿಯ ಆಣೆ ಮಾಡಲು ಭಯವಿತ್ತು, ದೇವರ ಆಣೆ ಮಾಡಲು ಇನ್ನೂ ಭಯವಿತ್ತು. ಮಾವನ ಆಣೆ ಅಗ್ಗವಾಗಿ ಕಂಡಿತು. ಭರಮು ಕೊಂಡ ಬೆಲೆಯ ಕಾಲುಭಾಗವನ್ನು ಅಣ್ಣಾಸಾಬ ಹೇಳಿದ. ಭರಮು ಅಳುವ ಮುಖ ಮಾಡಿ ಒಳಗೊಳಗೇ ಕುಣಿಯುತ್ತ ಒಪ್ಪಿದ, ತೋರಿಸಿದಲ್ಲೆಲ್ಲ ಸಹಿ ಮಾಡಿ, ಒಂದೂವರೆ ಲಾಖ ನಗದು ಕಿಸೆಗಿಟ್ಟು ಬಸ್ಸು ಹತ್ತಿದ. ಬಸ್ಸಿನಲ್ಲಿ ಸಿದ್ದಲಿಂಗನ ಫೋನು ಬಂತು. ತಾನು ದೂಡಿದ್ದರಿಂದಲೇ ಕಾರು ಜೀವ ಹಿಡಿಯಿತೆಂದು ಅವನು ಊರಿಗೆಲ್ಲ ಹೇಳಿದ್ದ. ಕಂಬಳಿ ಜೋಪಾನ ಎಂದ. ಕಂಬಳಿ ಕಾರಿನ ಜೊತೆಗೇ ಹೋದದ್ದು ಆಗ ನೆನಪಾಯಿತು. ಹೋಗಲಿ, ಪೀಡೆಯ ಜೊತೆಗೆ ಒಂದು ಕಂಬಳಿ ಹೋದರೆ ಹೋಗಲಿ ಎಂದುಕೊಂಡ.

ತೆಲಸಂಗದಲ್ಲಿ ಊಟ ಜೋರಾಯಿತು. ತಾಯಿ ಕೊಟ್ಟ ಭಂಡಾರದ ಪುಡಿಕೆಯನ್ನು ಭರಮು ಮಾವನ ಕೈಗಿತ್ತ. ಕಾರಿನ ಮಾತು ಬಂದಾಗ, ಒಬ್ಬರು ಕಾಲು ಹಿಡಿದು ಕೇಳಿದರೆಂದು ಒಂದೂವರೆ ಲಾಖಕ್ಕೆ ಕೊಟ್ಟುಬಿಟ್ಟೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಿಸೆ ತಟ್ಟಿಕೊಂಡ. ಮಾಳಸಿದ್ದ ಬಲು ಸಂತೋಷಪಟ್ಟ. ಹೆಂಡತಿಯ ಕಡೆ ನೋಡಿದರೆ ಶೇವಂತಾ ಏನನ್ನೋ ಬಚ್ಚಿಟ್ಟುಕೊಂಡವಳಂತೆ ನಗುತ್ತಿದ್ದಳು. ಬಹಳ ದಿನಗಳ ಮೇಲೆ ಭರಮುವಿನ ಎದೆಯ ಮೇಲಿಂದ ಕಾರು ಇಳಿದಂತಾಯಿತು.

ಎಲೆ ಅಡಿಕೆ ಹಾಕಿಕೊಳ್ಳುವಾಗ ಅಂಗಳಕ್ಕೆ ಏನೋ ಬಂದು ನಿಂತಿತು. ಯಾರಿಗೂ ಸಪ್ಪಳ ಕೇಳಲಿಲ್ಲ. ಸಪ್ಪಳ ಕೇಳದ್ದರಿಂದಲೇ ಭರಮು ಬಾಯಿಗೆ ಒಯ್ದ ಎಲೆಯನ್ನು ಕೆಳಗಿಟ್ಟ. ತಲೆಯೆತ್ತಿ ನೋಡಿದರೆ ಚೆಂಡುಹೂವಿನ ಹಾರ, ಹೊಸ ಸೀಟಿನ ಹೊದಿಕೆ, ಎಣ್ಣೆ ಸವರಿದ ಟೈರು. ಒಳಗೆ ಅದೇ ಅವನ ಕಾರು.

ಮಾಳಸಿದ್ದ ಅಳಿಯನ ಹೆಗಲ ಮೇಲೆ ಕೈ ಹಾಕಿದ. ನಿಮಗೆ ಬಸ್ಸಿಗೆ ಬನ್ನಿ ಎಂದದ್ದು ಇದಕ್ಕೇ, ಹೋಗುವಾಗ ನೀವು ಇದರಲ್ಲಿ ಹೋಗಬೇಕೆಂದು. ಮಗಳು ದಿನಾ ಫೋನಿನಲ್ಲಿ ಅಳುವುದನ್ನು ಕೇಳಲಾರದೆ ಅಥಣಿಯ ಅಣ್ಣಾಸಾಬನಿಗೆ ಹೇಳಿ ತರಿಸಿದೆ ಎಂದ. ಆರು ಲಾಖದ ಗಾಡಿ. ಹಿಂದಿನ ಧಣಿ ಡಾಕ್ಟರನಂತೆ.

"ಭಾಳ ದೇವರ ಮನಷ್ಯಾ ಅಳಿಯಂದಿರ. ಗಾಡಿ ತುಂಬ ಭಂಡಾರದ ವಾಸನಿ ಐತಿ. ಹಿಂದ ಒಂದು ಕಂಬಳಿ ಬ್ಯಾರೆ ಬಿಟ್ಟು ಹೋಗ್ಯಾನ. ಮಾವನ ಆಣಿ ಮಾಡಿ ಹೇಳಿದನಂತ, ಒಂದ್ ದಿನ ಕೈ ಕೊಟ್ಟಿಲ್ಲ ಅಂತ. ಮಾವನ ಮ್ಯಾಲ ಅಷ್ಟು ಜೀವ ಇದ್ದಾಂವ ಸುಳ್ಳ ಹೇಳ್ತಾನೇನ್ರಿ?"

ಹೇಳುವುದಿಲ್ಲ ಎಂದು ಭರಮು ತಲೆಯಾಡಿಸಿದ.

ಅಣ್ಣಾಸಾಬನಿಗೆ ಇನ್ನೂ ಒಂದೂವರೆ ಲಾಖ ಬಾಕಿ ಕೊಡಬೇಕಾಗಿತ್ತು. ಅಳಿಯನ ಹತ್ತಿರ ಹಳೆಯ ಗಾಡಿ ಮಾರಿದ ರೊಕ್ಕ ಇದ್ದೇ ಇದೆಯಲ್ಲ, ತನ್ನ ಗಾಡಿಗೆ ತಾನೂ ಒಂದಿಷ್ಟು ಹಾಕಿದರೆ ಚೆಂದ ಎಂದು ಮಾವ ಎಲ್ಲರ ಮುಂದೆ ಹೇಳಿದ. ಹತ್ತಾರು ಕಣ್ಣುಗಳು ಕಿಸೆಯ ಮೇಲಿದ್ದವು. ಕಾರು ತಂದವನು ಕೈ ಚಾಚಿದ. ಬೆಳಿಗ್ಗೆ ಅಣ್ಣಾಸಾಬ ಕಟ್ಟಿದ್ದ ರಬ್ಬರ್ ಬ್ಯಾಂಡು ಕೂಡ ಬಿಚ್ಚದೆ ಕಟ್ಟು ವಾಪಸು ಹೊರಟಿತು.

"ಕಾಗದಪತ್ರ ನೇರ ನಿಮ್ಮ ಹೆಸರಿಗೇ ಆಗ್ತಾವು," ಎಂದ ಮಾವ.

ಅದೊಂದು ಕೆಲಸ ಮಾತ್ರ ಆಗಲೇ ಆಗಿತ್ತು.

ಶೇವಂತಾ ಆರತಿ ಹಿಡಿದು ಬಂದಳು. ಸಿದ್ದಲಿಂಗನ ಕಂಬಳಿ ಕಂಡಳು. ಬಾಗಿಲ ಮೇಲೆ ತಾನೇ ಮಾಡಿದ್ದ ಬಳೆಯ ಗೀರು ಕಂಡಳು. ಕಡೆಗೆ ಗಂಡನ ಮುಖ ಕಂಡಳು. ಅವಳ ಮುಖದ ಬಣ್ಣ ಮೂರು ಸಲ ಬದಲಾಯಿತು. ಆರತಿ ಎತ್ತುವ ನೆವದಲ್ಲಿ ಹತ್ತಿರ ಬಂದು ಮೆಲ್ಲಗೆ, "ನಗ್ರಿ. ಅಪ್ಪ ನೋಡಾಕತ್ತಾನ," ಎಂದಳು. ಭರಮು ನಕ್ಕ.

ಮಾಳಸಿದ್ದ ಬೀಗತಿ ಕಳಿಸಿದ ಪುಡಿಕೆ ಬಿಚ್ಚಿ ಕಾರಿಗೆ ಭಂಡಾರ ತೂರತೊಡಗಿದ. ಕಾರು ಚಾಲೂ ಇತ್ತು. ಹಿಂದಿನ ಸೀಟಿನ ಪಕ್ಕಕ್ಕೆ ಹೋದಾಗ ಅವನ ಕೈ ನಿಂತಿತು. ಮತ್ತೊಂದು ಚಿಟಿಕೆ ಹಿಡಿದು ನೋಡಿದ. ಕಣ್ಣಲ್ಲಿ ನೀರು ಬಂತು.

"ಏ, ಬರ್ರಿ ಎಲ್ಲಾರೂ. ಸ್ವಾಮಿ ಬಂದಾನ. ಉಸಿರಾಡಾಕತ್ತಾನ ನೋಡ್ರಿ ಇಲ್ಲೆ."

ಭರಮು ಅಡ್ಡ ಬರುವಷ್ಟರಲ್ಲಿ ಪುಡಿಕೆ ಪೂರಾ ಮೂಗಿನೊಳಗೆ ಹೋಗಿತ್ತು. ಉಳಿದವರು ದೇವರ ಮನೆಯ ಭಂಡಾರದ ಬಟ್ಟಲು ತರಲು ಒಳಗೆ ಓಡಿದರು. ಫ್ಯಾನು ಒಮ್ಮೆ ಕೂಗಿ, ಒಮ್ಮೆ ಸೀನಿ, ಸುಮ್ಮನಾಯಿತು. ಮುಂದಿನ ಗಾಜಿನ ಕೆಳಗೆ ಕೆಂಪು ದೀಪ ನಂದಾದೀಪದಂತೆ ಹತ್ತಿತು. ಕೂಡಿದವರೆಲ್ಲ ಕೈ ಮುಗಿದರು.

ಆಗ ಭರಮುವಿನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಂಕಲಿಯಿಂದ ರಾಮವ್ವ. ಭಂಡಾರ ಮುಟ್ಟಿತೇ ಎಂದು ಕೇಳಿದಳು.

"ಮುಟ್ತಬೇ ಯವ್ವಾ," ಎಂದ ಭರಮು. "ಎಲ್ಲಿ ಮುಟ್ಟಬೇಕಿತ್ತೋ ಅಲ್ಲೇ ಮುಟ್ಟೇತಿ."