ಪಾದರಕ್ಷೆ ಅಂದ್ರೆ ಎಂತ?

ನಮ್ಮ ಸೋದರತ್ತೆಯ ಮನೆಯಲ್ಲಿ ಉಪ್ಪಿಟ್ಟಾಗಬೇಕಾದರೂ ಬಹುಮತ ಬೇಕು. ಇರುವುದು ಅತ್ತೆ, ಮಾವ ಇಬ್ಬರೇ. ಮತ ದಿನವೂ ಸಮಸಮ. ಸಭಾಧ್ಯಕ್ಷರ ನಿರ್ಣಾಯಕ ಮತ ಅತ್ತೆಯದು. ಮದುವೆಯಾದಾಗಿನಿಂದ ಮಾವ ವಿರೋಧ ಪಕ್ಷದಲ್ಲೇ ಇದ್ದಾರೆ, ಪಾಪ!

ಅತ್ತೆ ಶಿರಸಿಯ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದವರು. ನಿವೃತ್ತಿಯಾಗಿದ್ದು ನೌಕರಿಯಿಂದ, ಪಾಠದಿಂದಲ್ಲ. ಮನೆಯ ಮೊದಲ ಕಾನೂನು: ಬಂದವರಿಗೆ ಆಸ್ರಿ ಕೊಡದೆ ಕಳಿಸಕೂಡದು. ಆಸ್ರಿ ಎಂದರೆ ನಮ್ಮ ಕಡೆ ಆಸರು, ಅಂದರೆ ಬಾಯಾರಿಕೆ, ಆಗಿ ಬಂದವರಿಗೆ ಕುಡಿಯಲು ಕೊಡುವುದು. ಒಮ್ಮೆ ಕರೆಂಟ್ ಮೀಟರ್ ನೋಡಲು ಬಂದವನಿಗೆ ಮಾವ ಒಂದು ಲೋಟ ನೀರು ಕೊಟ್ಟು ಸುಮ್ಮನಾದರು. ಅತ್ತೆ ಬಿಡಬೇಕಲ್ಲ?

"ನೀರು ಕೊಟ್ಟಿದ್ದು ಅಕ್ಷರಕ್ಕೆ ಸರಿ. ಕಾನೂನಿನ ಉದ್ದೇಶ ಎಂತ?"

"ಆಸರು ಹೋಪದು," ಎಂದರು ಮಾವ.

"ಅಲ್ಲ, ಬಂದವಂಗೆ ಹಿತ ಅಪ್ಪದು."

ವಾದ ಮುಗಿಯುವಷ್ಟರಲ್ಲಿ ಮೀಟರಿನವನು ಎರಡು ಲೋಟ ಮಜ್ಜಿಗೆ, ಒಂದು ಲೋಟ ಕಷಾಯ ಮುಗಿಸಿ, ತೀರ್ಪಿಗೆ ಕಾಯದೆ ಹೊರಟ.

ಇಷ್ಟೆಲ್ಲ ನಗುವ ನಾನೂ ಇದೇ ಅತ್ತೆಯ ಕ್ಲಾಸಿನಲ್ಲಿ ಕೂತವಳು. ನನ್ನ ಎಡಗಾಲು ಗಿಡ್ಡ. ದಪ್ಪ ಅಟ್ಟೆಯ ಬೂಟಿಲ್ಲದೆ ನಾಲ್ಕು ಹೆಜ್ಜೆ ಇಡಲಾರೆ. ಶಾಲೆಯ ಗ್ರಂಥಾಲಯದ ಬಾಗಿಲಲ್ಲೋ, 'ಪಾದರಕ್ಷೆ ಧರಿಸಿ ಒಳಗೆ ಬರಕೂಡದು' ಎಂಬ ಬೋರ್ಡು. ಗೆಳತಿಯರೆಲ್ಲ ಒಳಗೆ ಓದುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಅತ್ತೆ ಒಂದು ಮಾತು ಹೇಳಿದರೆ ಸಾಕಿತ್ತಲ್ಲ? ನಾಚಿಕೆ ಬಿಟ್ಟು ಕೇಳಿಯೂ ಬಿಟ್ಟೆ.

"ನಿಂಗೊಬ್ಬಳಿಗೇ ಬಿಟ್ರೆ ಅದು ಉಪಕಾರ ಆಗ್ತು ಕೂಸೇ. ನಿಂಗೆ ಬೇಕಾದ್ದು ಹಕ್ಕು."

ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ನನ್ನ ಬೂಟಿನ ಪ್ರಕರಣ ಕ್ಲಾಸಿನಲ್ಲೇ ವಿಚಾರಣೆಗೆ ಬಂತು.

"ಪಾದರಕ್ಷೆ ಅಂದ್ರೆ ಎಂತ?" ಅತ್ತೆ ಕೇಳಿದರು.

"ಕಾಲಿಗೆ ಹಾಕ್ಕೊಳ್ಳೋದು," ಎಂದಳೊಬ್ಬಳು.

"ಹಾಗಾದ್ರೆ ಕಾಲ್ಗೆಜ್ಜೆ ಬಿಚ್ಚಿಟ್ಟು ಹೋಗ್ತೀಯಾ?"

ಕ್ಲಾಸು ನಕ್ಕಿತು. ನಿಯಮ ಯಾಕೆ ಬಂತು? ಒಳಗೆ ಕೆಸರಾಗಬಾರದೆಂದು. ಚರ್ಚೆ ಅಲ್ಲಿಗೆ ಬಂದಾಗ ಬನವಾಸಿ ಕಡೆಯ ಗೆಳತಿಯೊಬ್ಬಳು ಎದ್ದು ನಿಂತಳು. "ಟೀಚರ್, ಅದು ಬೂಟಲ್ರೀ. ಅಕಿ ಕಾಲ್ರೀ ಅದು."

ಅತ್ತೆ ಕರಿಹಲಗೆಯ ಕಡೆ ತಿರುಗಿ 'ತಿದ್ದುಪಡಿ' ಎಂದು ಬರೆದರು.

ಆಮೇಲೆ ತಿದ್ದುಪಡಿಯ ಕೆಲಸ ನಮಗೇ ಬಿತ್ತು. 'ಎಡಗಾಲು ಗಿಡ್ಡ ಇರುವವರಿಗೆ ವಿನಾಯಿತಿ' ಎಂದು ಬರೆದೆವು. ಅತ್ತೆ ಪರ್‍ರನೆ ಹರಿದರು. "ನಾಳೆ ಬಲಗಾಲು ಗಿಡ್ಡ ಇದ್ದವಳು ಬಂದ್ರೆ? ಒಬ್ಬಳಿಗೇ ಕಾನೂನು ಮಾಡಲಾಗ." ಕೊನೆಗೆ ಏಳನೇ ಕರಡು ಪಾಸಾಯಿತು: 'ನಡೆಯಲು ಅಗತ್ಯವಾದ ಪಾದರಕ್ಷೆ ಇದ್ದವರು ಅದನ್ನು ಒರೆಸಿಕೊಂಡು ಒಳಗೆ ಬರಬಹುದು.' ಹೆಡ್ಮಾಸ್ತರು ಸಹಿ ಹಾಕಿದರು, ಬೋರ್ಡಿಗೆ ಎರಡನೇ ಸಾಲು ಬಂತು, ನಾನು ಟಕ್ಕಟಕ್ಕೆಂದು ಒಳಗೆ ಹೋದೆ.

ಮೊನ್ನೆ ಸಂವಿಧಾನ ದಿನಕ್ಕೆ ಅದೇ ಗ್ರಂಥಾಲಯದಲ್ಲಿ ಮಾತಾಡಲು ಅತ್ತೆಯನ್ನು ಕರೆದಿದ್ದರು. ಜೊತೆಗೆ ನಾನೂ ಹೋದೆ. ಸಕ್ಕರೆ ಕಾಯಿಲೆಯಿಂದ ಅತ್ತೆಯ ಪಾದಕ್ಕೆ ಈಗ ಸ್ಪರ್ಶವೇ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ನಡೆಯಲೇಬಾರದೆಂದು ಡಾಕ್ಟರು ಮೆತ್ತನೆಯ ಚಪ್ಪಲಿ ಕೊಟ್ಟಿದ್ದಾರೆ. ಬಾಗಿಲಿಗೆ ಬಂದದ್ದೇ ಅತ್ತೆ ಬಗ್ಗಿ ಅದನ್ನು ಬಿಚ್ಚತೊಡಗಿದರು.

"ಬಿಚ್ಚಡ ಅತ್ತೆ. ಬೋರ್ಡು ಓದು."

ಕನ್ನಡಕ ಏರಿಸಿ ಎರಡನೇ ಸಾಲು ಓದಿದರು. "ಇದು ನಿನ್ನ ಕಾಲಿಗೆ ಮಾಡಿದ್ದಲ್ದಾ?"

"ಒಬ್ಬಳಿಗೇ ಕಾನೂನು ಮಾಡಲಾಗ ಹೇಳಿ ಹರಿದು ಹಾಕಿದ್ದು ಯಾರು?"

ಅತ್ತೆ ಕಾಲೊರಸಿನ ಮೇಲೆ ಚಪ್ಪಲಿಯನ್ನು ಎರಡೆರಡು ಸಲ ಒರೆಸಿದರು, ಆಮೇಲೆ ಸೆರಗಿನಿಂದ ಕಣ್ಣನ್ನೂ. ಇವಳು ನನ್ನ ಅತ್ತೆ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಅವರು ನನ್ನ ಹೆಗಲು ಹಿಡಿದರು. ಚಪ್ಪಲಿ ಹಾಕಿಕೊಂಡೇ ಅತ್ತೆ, ಬೂಟು ಹಾಕಿಕೊಂಡೇ ನಾನು, ಇಬ್ಬರೂ ಒಳಗೆ ಹೋದೆವು.